ಪಕ್ಷಿವೀಕ್ಷಣೆಯ ಪ್ರವಾಸ: ಸೋಮನೂರಿನಿಂದ ರಂಗನತಿಟ್ಟಿಗೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಮನೆಯವರೆಗೆ ಬಂದು ಕೇಳಿದರು. ಶಾಲೆ ನಡೆದು ಬಂದ ದಾರಿಯನ್ನು ಕುರಿತು ನಾನು ಬರೆಯುವೆನೆಂಬುದು ಅವರ ನಿರೀಕ್ಷೆಯಾಗಿತ್ತು. ಆ ಕಾರ್ಯವನ್ನು ನನಗಿಂತ ಸಮರ್ಥರಾದವರು ವಹಿಸಿಕೊಂಡಿರುವುದರಿಂದ, ನಿವೃತ್ತಿಯ ಅನಂತರ ನನಗೆ ಹತ್ತಿದ ಒಂದು ಹವ್ಯಾಸವನ್ನೂ ಅದರ ನಿಮಿತ್ತ ನಾವು ಕೆಲವರು ಕೈಗೊಂಡ ಒಂದು ಪ್ರವಾಸವನ್ನೂ ಕುರಿತು ನಾಲ್ಕು ಮಾತು ಬರೆಯಲು ಅನುಮತಿ ಬೇಡಿದೆ. ವಿಷಯ ಹಕ್ಕಿಗಳದ್ದು ಎಂದೊಡನೆ ಸಮಿತಿಯ ಕಿರಿಯ ಸದಸ್ಯರೊಬ್ಬರು ಮುಗುಳ್ನಕ್ಕರು. ನಗಲಿ, ತಪ್ಪಿಲ್ಲ. ಹದಿನೈದು ವರ್ಷಗಳ ಹಿಂದೆ ನಾನೂ ನಕ್ಕವನೇ.

2023ರ ಡಿಸೆಂಬರಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ತಮ್ಮನ ಮದುವೆಗೆಂದು ಊರಿಗೆ ಬಂದಿದ್ದ. ಅವನಿಗೆ ಇಂಗ್ಲೆಂಡಿನಲ್ಲಿ ಉದ್ಯೋಗ. ರಜೆ ದೊರೆತಾಗ ಏನು ಮಾಡುತ್ತೀಯಪ್ಪಾ ಎಂದು ಕೇಳಿದೆ. "ಈ ಸಲ ಸ್ಕಾಟ್ಲೆಂಡಿನ ಹಳ್ಳಿಗಾಡಿಗೆ ಹೋಗಿ ಒಂದು ವಾರ ಹಕ್ಕಿ ನೋಡಿಕೊಂಡು ಬಂದೆ ಸಾರ್" ಎಂದ. ಅಲ್ಲಿ ಲಾಕ್ ಗಾರ್ಟನ್ ಎಂಬ ಸರೋವರವಿದೆ. ಲಾಕ್ ಎಂದರೆ ಆ ನಾಡಿನ ಮಾತಿನಲ್ಲಿ ಸರೋವರವೆಂದೇ ಅರ್ಥ. ಮೀನನ್ನೇ ಹಿಡಿದು ತಿನ್ನುವ, ಹದ್ದಿನಂತಹ ಆಸ್ಪ್ರೇ ಎಂಬ ಹಕ್ಕಿ ಬೇಟೆಗಾರರ ಮತ್ತು ಮೊಟ್ಟೆಗಳ್ಳರ ಹಾವಳಿಯಿಂದ ಬ್ರಿಟನ್ನಿನಲ್ಲಿ ಗೂಡು ಕಟ್ಟುವುದನ್ನೇ ಬಿಟ್ಟಿತ್ತು. 1954ರಲ್ಲಿ ಒಂದು ಜೋಡಿ ಲಾಕ್ ಗಾರ್ಟನ್ನಿನ ಬಳಿ ಮರಳಿ ಗೂಡು ಕಟ್ಟಿತು. 1958ರಲ್ಲಿ, ಕಾವಲಿದ್ದರೂ, ಅದರ ಮೊಟ್ಟೆಗಳನ್ನು ಕದ್ದೊಯ್ದರು. ಅಲ್ಲಿನ ಪಕ್ಷಿ ಸಂರಕ್ಷಣಾ ಸಂಘದವರು ಮರುವರ್ಷ ಒಂದು ವಿಚಿತ್ರವಾದ ಉಪಾಯವನ್ನು ಹೂಡಿದರು. ಗೂಡಿನ ಜಾಗವನ್ನು ಮುಚ್ಚಿಡುವುದರ ಬದಲು, ದೂರದಲ್ಲಿ ಒಂದು ವೀಕ್ಷಣಾ ಗುಡಿಸಲನ್ನು ಕಟ್ಟಿ, ಬಂದು ನೋಡಿರೆಂದು ಜನರನ್ನೇ ಕರೆದರು. ಸಾವಿರಾರು ಮಂದಿ ಬಂದರು. ಅಂದಿನಿಂದ ಹಕ್ಕಿಗೂ ರಕ್ಷಣೆ ದೊರೆಯಿತು, ಸುತ್ತಲ ಹಳ್ಳಿಗಳಲ್ಲಿ ಕೊಠಡಿ ಬಾಡಿಗೆಗೆ ಕೊಡುವವರಿಗೆ ಜೀವನೋಪಾಯವೂ ದೊರೆಯಿತು.

ಅವನು ಇದನ್ನೆಲ್ಲ ಹೇಳುವಾಗ, ಸರಿ, ಶೀತದೇಶದ ಸಿರಿವಂತರ ವಿನೋದವಿದು ಎಂದು ಮೊದಲು ಅಂದುಕೊಂಡೆ. ಆಮೇಲೆ ನಾಚಿಕೆಯಾಯಿತು. ನಮ್ಮ ಕಾವೇರಿಯಲ್ಲಿ, ನಮ್ಮ ಮಾತನ್ನೇ ಆಡುವ ಮಂಡ್ಯದ ಸೀಮೆಯಲ್ಲಿ, ಜಗತ್ತೇ ಬಂದು ನೋಡುವ ಎರಡು ಪಕ್ಷಿಧಾಮಗಳಿವೆ. ಸೋಮನೂರಿನಿಂದ ಮೈಸೂರಿಗೆ ಸುಮಾರು 200 ಕಿಲೋಮೀಟರ್. ಮೂವತ್ತಾರು ವರ್ಷ ಪಾಠ ಹೇಳಿದ ನಾನು ಒಂದು ಸಲವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿರಲಿಲ್ಲ. ದಸರಾ ನೋಡಲು ಕರೆದೊಯ್ದದ್ದುಂಟು, ಅರಮನೆಯ ದೀಪ ನೋಡಿ ಬಂದದ್ದುಂಟು. ಅಷ್ಟೇ.

ಪಕ್ಷಿವೀಕ್ಷಣೆಯೆಂದರೇನು? ಮೃಗಾಲಯದಲ್ಲಿ ಪಂಜರದ ಮುಂದೆ ನಿಲ್ಲುವುದಲ್ಲ. ಹಕ್ಕಿ ತನ್ನ ಪಾಡಿಗೆ ತಾನು ಇರುವಲ್ಲಿ, ತನ್ನ ಕೆಲಸ ಮಾಡಿಕೊಂಡಿರುವಾಗ, ಅದಕ್ಕೆ ತೊಂದರೆಯಾಗದಂತೆ ನೋಡಿ, ಯಾವ ಹಕ್ಕಿ, ಎಷ್ಟು, ಎಲ್ಲಿ, ಏನು ಮಾಡುತ್ತಿತ್ತು ಎಂಬುದನ್ನು ಬರೆದಿಟ್ಟುಕೊಳ್ಳುವುದು. ಬರೆದಿಡುವುದೇ ಇದರ ಜೀವ. ಬರೆಯದೆ ನೋಡಿದ್ದು ಮರುದಿನಕ್ಕೆ ಕಲಸಿಹೋಗುತ್ತದೆ. ಬೆಳಗಿನ ಆರರಿಂದ ಒಂಬತ್ತರವರೆಗೆ, ಸಂಜೆ ನಾಲ್ಕರ ಅನಂತರ ಹಕ್ಕಿಗಳ ಓಡಾಟ ಹೆಚ್ಚು. ಸೂರ್ಯ ನಮ್ಮ ಬೆನ್ನಿಗಿರಬೇಕು, ಇಲ್ಲವಾದರೆ ಎಲ್ಲ ಹಕ್ಕಿಯೂ ಕಾಗೆಯಂತೆ ಕಪ್ಪಾಗಿಯೇ ಕಾಣುತ್ತದೆ. ಉಡುಪು ಮಣ್ಣಿನ ಬಣ್ಣದ್ದೋ ಎಲೆಯ ಬಣ್ಣದ್ದೋ ಆಗಿರಬೇಕು. ನನ್ನಂತೆ ಶುಭ್ರವಾದ ಬಿಳಿಯ ಪಂಚೆ, ಬಿಳಿಯ ಅಂಗಿ ತೊಟ್ಟು ಹೋದವನನ್ನು ಹಕ್ಕಿಗಳು ಎರಡು ಫರ್ಲಾಂಗಿನಿಂದಲೇ ಗುರುತಿಸಿ ಎದ್ದುಹೋಗುತ್ತವೆ. ಈ ಪಾಠವನ್ನು ಸಾಮಳಾಪುರದ ಕೆರೆಯ ಏರಿಯ ಮೇಲೆ ನಾನು ಮೊದಲ ದಿನವೇ ಕಲಿತೆ.

ದುರ್ಬೀನು ಬೇಕು. ಅದರ ಮೇಲೆ 8×42 ಎಂಬಂತೆ ಎರಡು ಅಂಕೆಗಳಿರುತ್ತವೆ. ಮೊದಲನೆಯದು ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ಅಗಲ ಎಷ್ಟು ಮಿಲಿಮೀಟರ್ ಎಂಬುದು. ಹೆಚ್ಚು ಪಟ್ಟಿನದು ಒಳ್ಳೆಯದೆಂದು ಅಂಗಡಿಯಲ್ಲಿ ಹೇಳುತ್ತಾರೆ, ನಂಬಬೇಡಿ. ಪಟ್ಟು ಹೆಚ್ಚಿದಷ್ಟೂ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಎಪ್ಪತ್ತು ದಾಟಿದವರಿಗೆ ಎಂಟೇ ಧಾರಾಳ. ಮೊದಲು ಬರಿಗಣ್ಣಿನಿಂದ ಹಕ್ಕಿಯನ್ನು ದಿಟ್ಟಿಸಬೇಕು, ದೃಷ್ಟಿಯನ್ನು ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ದುರ್ಬೀನಿನಲ್ಲಿ ಹಕ್ಕಿಯನ್ನು ಹುಡುಕಹೊರಟರೆ ಆಕಾಶವೊಂದೇ ಸಿಕ್ಕುತ್ತದೆ.

ಪ್ರವಾಸಕ್ಕೆ ಮುನ್ನ ಎರಡು ತಿಂಗಳು ನಾವು ನಮ್ಮ ಊರಿನ ಸುತ್ತಲೇ ಅಭ್ಯಾಸ ಮಾಡಿದೆವು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ನೊಯ್ಯಲ್ ನದಿಯ ನೀರಿಗಾಗಿ ಪೂರ್ವಿಕರು ಕಟ್ಟಿದ ಕೆರೆಗಳು ಈ ಸೀಮೆಯಲ್ಲಿ ಸಾಲಾಗಿವೆ. ಸಿಂಗಾನಲ್ಲೂರು, ಸೂಲೂರು, ನಮ್ಮ ಮಗ್ಗುಲಿನ ಸಾಮಳಾಪುರ. ಊರು ಪೇಟೆಯ ಕೊಳಚೆ ನೀರೂ ಈ ಕೆರೆಗಳಿಗೆ ಬರುತ್ತದೆಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಆದರೂ ಹಕ್ಕಿಗಳು ಬರುತ್ತವೆ. ನಾಮದ ಕೋಳಿ, ಗುಳುಮುಳುಕ, ನೇರಳೆ ಬಣ್ಣದ ಜಂಬುಕೋಳಿ, ಬೆಳ್ಳಕ್ಕಿ, ಮಿಂಚುಳ್ಳಿ. ತಂತಿಯ ಮೇಲೆ ಕಳ್ಳಿಪೀರ, ಹೊಲದಲ್ಲಿ ನವಿಲು. ನವಿಲಿನ ಕಾಟದ ವಿಷಯದಲ್ಲಿ ನಮ್ಮ ರೈತರ ಅಭಿಪ್ರಾಯವನ್ನು ಇಲ್ಲಿ ಮುದ್ರಿಸಲಾಗದು.

ಸೋಮನೂರಿನಲ್ಲಿ ಹಕ್ಕಿಯ ದನಿಯನ್ನು ಕೇಳುವುದು ಸುಲಭವಲ್ಲ. ಬೀದಿಬೀದಿಯಲ್ಲೂ ವಿದ್ಯುತ್ ಮಗ್ಗ, ಹಗಲಿರುಳು ಲಾಳಿಯ ಸದ್ದು. 2022ರ ಆರಂಭದಲ್ಲಿ ಕೂಲಿ ನೇಯ್ಗೆಯ ದರದ ಪ್ರಶ್ನೆಯಿಂದ ಮಗ್ಗಗಳೆಲ್ಲ ವಾರಗಟ್ಟಲೆ ನಿಂತಿದ್ದುದು ನಿಮಗೆ ನೆನಪಿರಬಹುದು. ಆ ದಿನಗಳಲ್ಲಿ ನಸುಕಿನಲ್ಲಿ ಎಚ್ಚರವಾದರೆ ಹರಟೆಮಲ್ಲಗಳ ಜಗಳ, ಕೆಂಬೂತದ ಗುಂಗು, ಪಿಕಳಾರದ ಸಿಳ್ಳು ಎಲ್ಲವೂ ಕೇಳಿಸುತ್ತಿದ್ದವು. ಎಷ್ಟು ಹಿತ ಎಂದುಕೊಂಡು ಹೊರಗೆ ಬಂದರೆ ಎದುರುಮನೆಯ ಜಗುಲಿಯಲ್ಲಿ ಕೆಲಸವಿಲ್ಲದೆ ಕುಳಿತ ಗಂಡಸರು. ಹಿತವೆನ್ನಲು ಬಾಯಿ ಬರಲಿಲ್ಲ.

ನಮ್ಮ ತಂಡದಲ್ಲಿ ಹದಿನಾಲ್ಕು ಮಂದಿಯಿದ್ದೆವು. ಇಬ್ಬರು ನಿವೃತ್ತ ಉಪಾಧ್ಯಾಯರು, ನಾಲ್ವರು ಮಕ್ಕಳು, ಉಳಿದವರು ಹಳೆಯ ವಿದ್ಯಾರ್ಥಿಗಳು. ಅವರಲ್ಲೊಬ್ಬ, ಈಗ ಐವತ್ತು ದಾಟಿದವನು, ಹದಿನಾಲ್ಕನೆಯ ವಯಸ್ಸಿನಿಂದ ಮಗ್ಗದ ಮುಂದೆ ನಿಂತವನು. ಹೆಸರು ಬೇಡವೆಂದು ಅವನೇ ಕೇಳಿಕೊಂಡಿರುವುದರಿಂದ ಬರೆಯುತ್ತಿಲ್ಲ. ಅವನಿಗೆ ಕಿವಿ ಮಂದ. ಮಗ್ಗದ ಕೊಟ್ಟಿಗೆಯೊಳಗಿನ ಸದ್ದು 100 ಡೆಸಿಬಲ್ಲಿನ ಆಸುಪಾಸಿನಲ್ಲಿರುತ್ತದೆ. ವರ್ಷಾನುಗಟ್ಟಲೆ ಅದರೊಳಗೆ ದುಡಿದವರ ಒಳಗಿವಿಯಲ್ಲಿ ಸೂಕ್ಷ್ಮವಾದ ರೋಮಕೋಶಗಳು ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಸೆಕೆಂಡಿಗೆ 4,000 ಕಂಪನಗಳ ಸುತ್ತಮುತ್ತಲಿನ ಎತ್ತರದ ದನಿಗಳು. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ಹಾಡುವುದೂ ಹೆಚ್ಚುಕಡಿಮೆ ಆ ಶ್ರುತಿಯಲ್ಲೇ. ಮಾತು ಅರೆಬರೆ ಕೇಳಿಸಿದರೂ ಗುಬ್ಬಿಯ ಚಿಲಿಪಿಲಿ ಅಂಥವರ ಪಾಲಿಗೆ ಇಲ್ಲವೇ ಇಲ್ಲ. ವಯಸ್ಸಾದ ನನ್ನಂಥವರಿಗೂ ಆಗುವುದು ಇದೇ. ನಮಗಾದರೋ ಎಪ್ಪತ್ತಕ್ಕೆ ಆಗುತ್ತದೆ, ಅವರಿಗೆ ನಲವತ್ತಕ್ಕೇ ಆಗಿಬಿಡುತ್ತದೆ.

ಆದರೆ ಅವನ ಕಣ್ಣು! ಓಡುವ ಹಾಸಿನ ಸಾವಿರಾರು ಎಳೆಗಳಲ್ಲಿ ಒಂದು ಎಳೆ ಕಡಿದರೆ ಕಾಣಬೇಕು, ಆ ಕ್ಷಣವೇ ಮಗ್ಗವನ್ನು ನಿಲ್ಲಿಸಬೇಕು. ಅಂಥ ದುಡಿಮೆಯಲ್ಲಿ ಪಳಗಿದ ಕಣ್ಣು ಅದು. ಸಾಮಳಾಪುರದ ಏರಿಯ ಮೇಲೆ ನಾವು ದುರ್ಬೀನುಗಳನ್ನು ತಿರುಗಿಸುತ್ತ ಪರದಾಡುತ್ತಿರುವಾಗ ಅವನು ಬರಿಗಣ್ಣಿನಿಂದ ಜೊಂಡಿನ ನಡುವೆ ಅಲುಗದೆ ನಿಂತ ಬಕವನ್ನು ತೋರಿಸುತ್ತಿದ್ದ. "ಅಲ್ಲಿ ಒಂದು ಕಡ್ಡಿ ಬೇರೆ ಥರ ಇದೆ ಸಾರ್" ಎನ್ನುತ್ತಿದ್ದ. ಆ ಕಡ್ಡಿಯೇ ಬಕದ ಕುತ್ತಿಗೆಯಾಗಿರುತ್ತಿತ್ತು. ಇವನಿಗೂ ನನಗೂ ಒಂದು ಹಳೆಯ ಲೆಕ್ಕವಿದೆ, ಅದನ್ನು ಮುಂದೆ ಹೇಳುತ್ತೇನೆ.

2024ರ ಫೆಬ್ರವರಿಯಲ್ಲಿ ಒಂದು ಶನಿವಾರ ಬೆಳಗಿನ ಐದು ಗಂಟೆಗೆ ವ್ಯಾನಿನಲ್ಲಿ ಹೊರಟೆವು. ಅವಿನಾಶಿ, ಪುಳಿಯಂಪಟ್ಟಿ, ಸತ್ಯಮಂಗಲ, ಬಣ್ಣಾರಿ ಅಮ್ಮನ ಗುಡಿಗೆ ಕೈಮುಗಿದು ದಿಂಬಂ ಘಾಟಿಯ 27 ಕೊಕ್ಕೆ ತಿರುವುಗಳನ್ನು ಏರಿ ಹಾಸನೂರು, ಅಲ್ಲಿಂದ ಚಾಮರಾಜನಗರ, ನಂಜನಗೂಡು, ಮೈಸೂರು. ಘಾಟಿ ಸತ್ಯಮಂಗಲ ಹುಲಿ ರಕ್ಷಿತಾರಣ್ಯದಲ್ಲಿರುವುದರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಹೋಗುವವರು ಹಗಲನ್ನೇ ಲೆಕ್ಕ ಹಾಕಿಕೊಳ್ಳಬೇಕು. ಘಾಟಿಯ ಮೇಲೆ ಬಂದೊಡನೆ ಕಿವಿಗೆ ಬೀಳುವ ಕನ್ನಡದ ಧಾಟಿ ಬದಲಾಗುತ್ತದೆ. ನಾನು ಹುಟ್ಟಿದ್ದು ಕೊಳ್ಳೇಗಾಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, 1950ರಲ್ಲಿ. ಆಗ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಯೇ, ಮದರಾಸು ಪ್ರಾಂತ್ಯವೇ. 1956ರಲ್ಲಿ ಅದು ಮೈಸೂರಿಗೆ ಸೇರಿತು. ಮೆಟ್ರಿಕ್ಯುಲೇಷನ್ನನ್ನು ಕನ್ನಡದಲ್ಲಿ ಮುಗಿಸಿ ಉಪಾಧ್ಯಾಯನಾಗಿ ನಾನು ಸೋಮನೂರಿಗೆ ಬಂದಾಗ, ನಮ್ಮ ದೇವಾಂಗ ಮನೆಗಳಲ್ಲಿ ತಲೆಮಾರುಗಳಿಂದ ಆಡಿಕೊಂಡು ಬಂದ ಕನ್ನಡವನ್ನು ಕೇಳಿ, ಇದರಲ್ಲಿ ತಮಿಳು ಬೆರೆತಿದೆ, ಇದನ್ನು ತಿದ್ದಬೇಕು ಎಂದು ನಿಶ್ಚಯಿಸಿದೆ. ಇಪ್ಪತ್ತೆರಡರ ವಯಸ್ಸಿನ ನಿಶ್ಚಯ ಅದು.

ಅಂದು ಸಂಜೆ ನಾಲ್ಕಕ್ಕೆ ರಂಗನತಿಟ್ಟಿನಲ್ಲಿದ್ದೆವು. ಶ್ರೀರಂಗಪಟ್ಟಣದ ಸಮೀಪ ಕಾವೇರಿಯ ನಡುವೆ ಇರುವ ಪುಟ್ಟ ನಡುಗಡ್ಡೆಗಳ ಗುಂಪು ಇದು. ತಿಟ್ಟು ಎಂದರೆ ದಿಣ್ಣೆ, ದಿಬ್ಬ. ಇವು ತಾವಾಗಿ ಉಂಟಾದವಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ಅವಧಿಯಲ್ಲಿ, ನದಿಗೆ ಅಡ್ಡಲಾಗಿ ಒಂದು ಕಟ್ಟೆಯನ್ನು ಕಟ್ಟಿದರು. ನೀರು ನಿಂತಿತು, ಎತ್ತರದ ನೆಲ ದ್ವೀಪವಾಗಿ ಉಳಿಯಿತು, ಮರ ಬೆಳೆಯಿತು, ಹಕ್ಕಿ ಬಂದಿತು. ರೈತರ ಗದ್ದೆಗಾಗಿ ಕಟ್ಟಿದ ಕಟ್ಟೆ ಹಕ್ಕಿಗಳಿಗೆ ಹೆರಿಗೆಮನೆಯಾಯಿತು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರು ಇದನ್ನು ಕಂಡು, ರಕ್ಷಿಸಬೇಕೆಂದು ಅರಮನೆಯವರ ಮನವೊಲಿಸಿದರು. 1940ರಲ್ಲಿ ಪಕ್ಷಿಧಾಮವೆಂಬ ಘೋಷಣೆಯಾಯಿತು. 2022ರಲ್ಲಿ ಕರ್ನಾಟಕದ ಮೊತ್ತಮೊದಲ ರಾಮ್ಸರ್ ತಾಣವೆಂಬ ಮನ್ನಣೆಯೂ ದೊರೆಯಿತು. ರಾಮ್ಸರ್ ಎಂಬುದು ಇರಾನಿನ ಒಂದು ಊರು. ಜಗತ್ತಿನ ಮುಖ್ಯವಾದ ಕೆರೆ, ಜೌಗು, ಹಿನ್ನೀರುಗಳನ್ನು ಉಳಿಸಿಕೊಳ್ಳಬೇಕೆಂಬ ಒಪ್ಪಂದವು 1971ರಲ್ಲಿ ಅಲ್ಲಿ ಆದದ್ದರಿಂದ ಈ ಹೆಸರು. ಇದೇ ಸಲೀಂ ಅಲಿಯವರ ಹೆಸರಿನ ಸಂಶೋಧನಾ ಕೇಂದ್ರ 1990ರಲ್ಲಿ ಸ್ಥಾಪಿತವಾಗಿ ನಮ್ಮ ಕೊಯಮತ್ತೂರಿನ ಆನೈಕಟ್ಟಿಯಲ್ಲಿ ನೆಲೆನಿಂತಿರುವುದು ನಮ್ಮವರಲ್ಲಿ ಬಹುಮಂದಿಗೆ ತಿಳಿಯದು.

ಹುಟ್ಟು ಹಾಕುವ ದೋಣಿಯಲ್ಲಿ ಕುಳಿತು ನಡುಗಡ್ಡೆಗಳ ಸುತ್ತ ಸಾಗಬಹುದು. ಬಂಡೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿರುತ್ತವೆ. ಮೊಸಳೆಯಿರುವಲ್ಲಿ ಹಕ್ಕಿ ಏಕೆ ಗೂಡು ಕಟ್ಟುತ್ತದೆ ಎಂದು ಮಗುವೊಂದು ಕೇಳಿತು. ಒಳ್ಳೆಯ ಪ್ರಶ್ನೆ. ಸುತ್ತಲೂ ನೀರು, ನೀರಿನಲ್ಲಿ ಮೊಸಳೆ ಇರುವುದರಿಂದಲೇ ಕಾಡುಬೆಕ್ಕು, ನರಿ, ಮನುಷ್ಯ ಯಾರೂ ಮರದ ಬುಡಕ್ಕೆ ಬರಲಾರರು. ಗೂಡಿನಿಂದ ಆಯತಪ್ಪಿ ಬಿದ್ದ ಮರಿ ಮೊಸಳೆಯ ಪಾಲಾಗುತ್ತದೆ. ಕಾವಲುಗಾರನಿಗೆ ಸಲ್ಲುವ ಸಂಬಳವೆನ್ನಬಹುದು.

ರಂಗನತಿಟ್ಟಿನಲ್ಲಿ ಕಲಿಯಬೇಕಾದ ಪಾಠ ಕೊಕ್ಕಿನದು. ಒಂದೇ ಮರದಲ್ಲಿ ಐದಾರು ಜಾತಿಯ ಹಕ್ಕಿಗಳು ಸಂಸಾರ ಹೂಡಿರುತ್ತವೆ. ಎಲ್ಲವೂ ಅದೇ ಸೀಮೆಯ ನೀರನ್ನೇ ನಂಬಿವೆ. ಜಗಳವಿಲ್ಲದೆ ಬದುಕುವುದು ಹೇಗೆ? ಕೊಕ್ಕನ್ನು ನೋಡಿದರೆ ಉತ್ತರ ಸಿಕ್ಕುತ್ತದೆ. ಬಣ್ಣದ ಕೊಕ್ಕರೆಯ ಕೊಕ್ಕು ಹಳದಿ, ಉದ್ದ, ತುದಿಯಲ್ಲಿ ಕೊಂಚ ಬಾಗಿದ್ದು. ಅದು ಕೊಕ್ಕನ್ನು ಅರೆತೆರೆದು ಕಲಕು ನೀರಿನಲ್ಲಿ ಅದ್ದಿ ಕಾಯುತ್ತದೆ. ಮೀನು ತಗುಲಿದೊಡನೆ ಮುಚ್ಚಿಬಿಡುತ್ತದೆ. ಮೀನು ಕಣ್ಣಿಗೆ ಕಾಣಬೇಕಾಗಿಯೇ ಇಲ್ಲ. ಬಾಯ್ಕಳಕ ಕೊಕ್ಕರೆಯ ಕೊಕ್ಕನ್ನು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಗಾಯವಾಗಿದೆಯೇನೋ ಎಂದು ನಾನು ಮರುಗಿದ್ದೆ. ನುಣುಪಾದ ಬಸವನಹುಳುವನ್ನು ಹಿಡಿದು, ಚಿಪ್ಪಿನೊಳಗಿನ ಮಾಂಸವನ್ನು ಹೊರಗೆಳೆಯಲು ಆದ ಮಾರ್ಪಾಡು ಅದು. ಮರಿಗಳಿಗೆ ಈ ಸಂದು ಇರುವುದಿಲ್ಲ, ಬೆಳೆದಂತೆ ಮೂಡುತ್ತದೆ. ಚಮಚಕೊಕ್ಕಿನ ಹಕ್ಕಿ ಸವಟಿನಂತಹ ಕೊಕ್ಕನ್ನು ಎಡಬಲಕ್ಕೆ ಬೀಸುತ್ತ ಕೆಸರುನೀರನ್ನು ಜಾಲಾಡುತ್ತದೆ. ಹಾವಕ್ಕಿ ನೀರಿನೊಳಗೆ ಈಜಿ ಭರ್ಜಿಯಂತಹ ಕೊಕ್ಕಿನಿಂದ ಮೀನನ್ನು ಇರಿಯುತ್ತದೆ, ಕುತ್ತಿಗೆಯೊಂದನ್ನೇ ಹೊರಗಿಟ್ಟು ಈಜುವಾಗ ಹಾವೇ ಸರಿ. ಹೀಗೆ ಒಬ್ಬೊಬ್ಬರ ತಟ್ಟೆ ಬೇರೆ ಬೇರೆ. ಜಾಗವೊಂದೇ, ಅಡುಗೆಮನೆ ಬೇರೆ.

ನಾನು ಹೇಳಬೇಕೆಂದಿದ್ದ ಲೆಕ್ಕ ಇಲ್ಲಿ ಬರುತ್ತದೆ. 1984ರಲ್ಲಿ ಆರನೆಯ ತರಗತಿಯ ವಿಜ್ಞಾನದ ಪರೀಕ್ಷೆಯಲ್ಲಿ, ನೀರಿನಲ್ಲಿ ವಾಸಿಸುವ ನಾಲ್ಕು ಹಕ್ಕಿಗಳನ್ನು ಹೆಸರಿಸಿರಿ ಎಂಬ ಪ್ರಶ್ನೆಯನ್ನು ಕೊಟ್ಟಿದ್ದೆ. ಹುಡುಗನೊಬ್ಬ ಬಾತು, ಕೊಕ್ಕರೆ, ಬೆಳ್ಳಕ್ಕಿ, ನೀರ್‌ಕಾಗೆ ಎಂದು ಬರೆದಿದ್ದ. ನಾಲ್ಕನೆಯದನ್ನು ಕೆಂಪು ಮಸಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ "ಕಾಗೆ ನೀರಿನಲ್ಲಿ ಇರುವುದಿಲ್ಲ" ಎಂದು ಬರೆದೆ. ಅಷ್ಟಕ್ಕೇ ಬಿಡಲಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಓದಿ, ಇವನು ತಮಿಳಿನ ನೀರ್‌ಕಾಗಕ್ಕೆ ಕನ್ನಡದ ಅಂಗಿ ತೊಡಿಸಿದ್ದಾನೆ ಎಂದು ಹಾಸ್ಯ ಮಾಡಿದೆ. ಮಕ್ಕಳು ನಕ್ಕರು. ಮೇಷ್ಟರು ನಕ್ಕಾಗ ಮಕ್ಕಳು ನಗಲೇಬೇಕಲ್ಲ. ಅವನು ಆ ಹಕ್ಕಿಯನ್ನು ಸಾಮಳಾಪುರದ ಕೆರೆಯಲ್ಲಿ ದಿನವೂ ನೋಡುತ್ತಿದ್ದವನು, ನಾನು ಒಮ್ಮೆಯೂ ನೋಡಿರದವನು. ಅನಂತರ ನನ್ನ ತರಗತಿಯಲ್ಲಿ ಅವನು ಕೈಯೆತ್ತಿದ ನೆನಪು ನನಗಿಲ್ಲ. ಎಂಟನೆಯ ತರಗತಿ ಮುಗಿಸಿ ಮಗ್ಗಕ್ಕೆ ಹೋದ. ಬಡತನ ಕಾರಣವೆಂದು ಅಂದು ದಾಖಲೆಯಲ್ಲಿ ಬರೆದೆ. ಬಡತನವೂ ಇತ್ತು.

ರಂಗನತಿಟ್ಟಿನ ದೋಣಿಯಲ್ಲಿ ಅವನು ನನ್ನ ಮಗ್ಗುಲಲ್ಲೇ ಕುಳಿತಿದ್ದ. ಬಂಡೆಯೊಂದರ ಮೇಲೆ ಕಪ್ಪು ಹಕ್ಕಿಗಳ ಸಾಲು, ಒದ್ದೆ ಕೊಡೆಯನ್ನು ಬಿಸಿಲಿಗೆ ಹರವಿದಂತೆ ರೆಕ್ಕೆ ಬಿಚ್ಚಿಕೊಂಡು ನಿಂತಿದ್ದವು. ಈ ಹಕ್ಕಿಯ ಗರಿಗಳು ಬಾತಿನ ಗರಿಯಂತೆ ನೀರನ್ನು ಕೊಡವುವುದಿಲ್ಲ, ನೆನೆಯುತ್ತವೆ. ನೆನೆದು ಭಾರವಾದರೆ ನೀರಿನಲ್ಲಿ ಮುಳುಗುವುದು ಸುಲಭ, ಮೇಲೆ ಬಂದ ಮೇಲೆ ಒಣಗಿಸಿಕೊಳ್ಳುವುದು ಅನಿವಾರ್ಯ. ದೋಣಿ ನಡೆಸುವವನು ಹುಟ್ಟನ್ನು ಎತ್ತಿ ಹಿಡಿದು, "ನೀರುಕಾಗೆ ನೋಡಿ ಸ್ವಾಮಿ" ಎಂದ. ಮಗ್ಗುಲಿನವನಿಗೆ ಕೇಳಿಸಲಿಲ್ಲ. ಏನಂದರು ಸಾರ್ ಎಂದು ನನ್ನ ಮುಖ ನೋಡಿದ. ಅವನ ಕಿವಿಯ ಬಳಿ ಬಾಗಿ ಹೇಳಿದೆ, ಕೇಳಿಸಲಿಲ್ಲ. ಕೊನೆಗೆ ದೋಣಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ "ನೀರ್‌ಕಾಗೆ" ಎಂದು ಕೂಗಬೇಕಾಯಿತು. ನಲವತ್ತು ವರ್ಷಗಳ ಹಿಂದೆ ಯಾವ ಪದವನ್ನು ಹೊಡೆದುಹಾಕಿದ್ದೆನೋ ಅದನ್ನೇ.

ಅವನು ಹಕ್ಕಿಗಳನ್ನೇ ನೋಡುತ್ತ, "ನಾನು ಆವಾಗಲೇ ಬರೆದಿದ್ದೆನಲ್ಲ ಸಾರ್" ಎಂದ. ಮರೆತಿರಬಹುದೆಂದು ನಾನು ಅಂದುಕೊಂಡಿದ್ದೆ. "ತಪ್ಪು ನನ್ನದಪ್ಪಾ" ಎಂದೆ. ಅದು ಅವನಿಗೆ ಕೇಳಿಸಿತೋ ಇಲ್ಲವೋ ತಿಳಿಯದು, ಎರಡನೆಯ ಸಲ ಕೂಗುವ ಧೈರ್ಯ ನನಗಿರಲಿಲ್ಲ.

ಆ ರಾತ್ರಿ ಶ್ರೀರಂಗಪಟ್ಟಣದ ವಸತಿಗೃಹದಲ್ಲಿ ನಾವು ನೋಡಿದ ಹಕ್ಕಿಗಳ ಪಟ್ಟಿಯನ್ನು ಮಾಡಿದೆವು. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಎಂಬ ಪುಸ್ತಕ ನಮ್ಮೊಡನಿತ್ತು. ಕನ್ನಡದ ಹೆಸರನ್ನು ನಾನು ಬರೆದೆ, ತಮಿಳಿನ ಹೆಸರನ್ನು ಮಕ್ಕಳು ಹೇಳಿದರು. ಅವರಿಗೆ ಶಾಲೆಯಲ್ಲೂ ಬೀದಿಯಲ್ಲೂ ತಮಿಳು ಚೆನ್ನಾಗಿ ಬರುತ್ತದೆ, ಬರಬೇಕಾದದ್ದೇ. ಗೀಜಗ ತಮಿಳಿನಲ್ಲಿ ತೂಕ್ಕಣಾಂಕುರುವಿ, ತೂಗುವ ಗೂಡಿನ ಹಕ್ಕಿ. ಮಿಂಚುಳ್ಳಿ ಮೀನ್‌ಕೊತ್ತಿ. ಮನುಷ್ಯನನ್ನು ಕಂಡೊಡನೆ ಚೀರಿ ಎಲ್ಲರಿಗೂ ತಿಳಿಸುವ ಟಿಟ್ಟಿಭಕ್ಕೆ ಅವರ ಹೆಸರು ಆಳ್‌ಕಾಟ್ಟಿ, ಆಳನ್ನು ತೋರಿಸಿಕೊಡುವುದು ಎಂದು. ನಮ್ಮ ಟಿಟ್ಟಿಭ ಸಂಸ್ಕೃತದಿಂದ ಬಂದದ್ದು, ಕೂಗನ್ನೇ ಹೆಸರಾಗಿಸಿಕೊಂಡದ್ದು. ಆಳ್‌ಕಾಟ್ಟಿಯ ಅಂದ ನನಗೆ ಹೆಚ್ಚು ಹಿಡಿಸಿತು. ಹೀಗೆ ಹೇಳಿದರೆ ಹಳೆಯ ಸಹೋದ್ಯೋಗಿಗಳು ಕೋಪಿಸಿಕೊಳ್ಳಬಾರದು. ನೀರುಕಾಗೆ, ನೀರ್‌ಕಾಗಂ ಎರಡೂ ಒಂದೇ ಕಲ್ಪನೆಯ ಮಾತುಗಳು. ಯಾರು ಯಾರಿಂದ ಪಡೆದರೆಂದು ವಾದಿಸಬೇಕಾಗಿಯೇ ಇಲ್ಲ, ನೋಡಿದವರಿಗೆಲ್ಲ ಅದು ನೀರಿನ ಕಾಗೆಯಂತೆಯೇ ಕಂಡಿದೆ.

ಭಾನುವಾರ ಬೆಳಗ್ಗೆ ಕೊಕ್ಕರೆ ಬೆಳ್ಳೂರಿಗೆ ಹೋದೆವು. ಮಂಡ್ಯ, ಮದ್ದೂರುಗಳನ್ನು ದಾಟಿ ಬೆಂಗಳೂರಿನ ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಬಳಿ ತಿರುಗಿ 12 ಕಿಲೋಮೀಟರ್ ಒಳಗೆ ಹೋಗಬೇಕು. ಶಿಂಷಾ ನದಿಗೆ ಹತ್ತಿರದ ಹಳ್ಳಿ. ಇಲ್ಲಿ ದೋಣಿಯಿಲ್ಲ, ಗೋಪುರವಿಲ್ಲ, ಬೇಲಿಯಿಲ್ಲ. ಮನೆಯ ಹಿತ್ತಿಲಿನ ಹುಣಿಸೆ ಮರದ ಮೇಲೆ, ಬೀದಿಯ ಅರಳಿಯ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟಿಕೊಂಡಿವೆ. ಕೆಳಗೆ ಎಮ್ಮೆ ಕಟ್ಟಿರುತ್ತದೆ, ಮಗು ಆಡುತ್ತಿರುತ್ತದೆ, ಅಜ್ಜಿ ರಾಗಿ ಹಸನು ಮಾಡುತ್ತಿರುತ್ತಾರೆ. ಹೆಜ್ಜಾರ್ಲೆಯೆಂದರೆ ಸಾಮಾನ್ಯ ಹಕ್ಕಿಯಲ್ಲ. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಗಿಲು. ಕೊಕ್ಕಿನ ಕೆಳಗೆ ಜೋಳಿಗೆ. ತಾಯಿ ಬಂದು ಬಾಯಿ ತೆರೆದರೆ ಮರಿ ಆ ಜೋಳಿಗೆಯೊಳಗೆ ತಲೆಯನ್ನೇ ತೂರಿಸಿ ಮೀನನ್ನು ಉಣ್ಣುತ್ತದೆ. ತಮಿಳಿನಲ್ಲಿ ಕೂಳೈಕ್ಕಡಾ ಎನ್ನುತ್ತಾರೆ.

ಪ್ಲೇಗಿನ ಕಾಲದಲ್ಲಿ ಹಳೆಯ ಊರನ್ನು ಬಿಟ್ಟು ಜನ ಇಲ್ಲಿಗೆ ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದು ಊರಿನ ಹಿರಿಯರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಈ ತಾಣವನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರಿನವರಿಗೆ ಅದು ಹೊಸ ಸುದ್ದಿಯೇನಾಗಿರಲಿಲ್ಲ. "ಹೆಣ್ಣುಮಕ್ಕಳು ಬಾಣಂತನಕ್ಕೆ ತವರಿಗೆ ಬರಲ್ವಾ, ಹಂಗೇ ಇವೂ" ಎಂದರು ಒಬ್ಬ ಅಜ್ಜಿ. ನಮ್ಮ ಜೊತೆಗಿದ್ದ ಹೆಂಗಸರು ಇದನ್ನು ಕೇಳಿ ಬಹಳ ಹೊತ್ತು ಅವರ ಜಗುಲಿಯಲ್ಲೇ ಕುಳಿತುಬಿಟ್ಟರು.

ಆದರೆ ಪ್ರೀತಿಯೊಂದರಿಂದಲೇ ಇದು ನಡೆಯುತ್ತಿದೆ ಎಂದು ತಿಳಿದರೆ ತಪ್ಪಾಗುತ್ತದೆ. ಲೆಕ್ಕವೂ ಇದೆ. ಹಕ್ಕಿಯ ಹಿಕ್ಕೆ ಉತ್ತಮವಾದ ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಹೂಳಿನೊಡನೆ ಬೆರೆಸಿ ಹೊಲಕ್ಕೆ ಹಾಕುತ್ತಾರೆ. ಇನ್ನೊಂದು ಕಡೆ ನಷ್ಟವಿದೆ. ಹಕ್ಕಿ ಗೂಡು ಕಟ್ಟುವ ಕಾಲವೇ ಹುಣಿಸೆ ಹಣ್ಣಾಗುವ ಕಾಲ. ಮರ ಬಡಿದರೆ ಗೂಡು ಬೀಳುತ್ತದೆ, ಬಡಿಯದಿದ್ದರೆ ಹಣ್ಣು ಕೈಬಿಡುತ್ತದೆ. ಆದುದರಿಂದ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರಧನ ಕೊಡುವ ಪದ್ಧತಿಯಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರೇ 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡಿದ್ದಾರೆ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಇಷ್ಟಾದರೂ ಆತಂಕ ತಪ್ಪಿಲ್ಲ. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಮೀನಿನ ಮೂಲಕ ಹೊಟ್ಟೆ ಸೇರಿದ ಜಂತುಹುಳು ಕಾರಣವೆಂದು ಪರೀಕ್ಷೆಯಲ್ಲಿ ಕಂಡುಬಂದಿತು. ಹಳ್ಳಿಯ ಮರ ಎಷ್ಟೇ ಸುರಕ್ಷಿತವಾಗಿದ್ದರೂ ಹಕ್ಕಿ ಉಣ್ಣುವ ಕೆರೆಯ ನೀರು ಕೆಟ್ಟರೆ ಯಾವ ಅಜ್ಜಿಯೂ ಏನೂ ಮಾಡಲಾಗದು.

ಮಂಡ್ಯದವರೆಗೆ ಹೋಗಲಾಗದವರಿಗೆ ತಿರುಪ್ಪೂರಿನ ನಂಜರಾಯನ ಕೆರೆಯಿದೆ. ಊತುಕುಳಿಯ ರಸ್ತೆಯಲ್ಲಿ, ಸರ್ಕಾರ್ ಪೆರಿಯಪಾಳಯದ ಬಳಿ. ಹಿಂದೆ ನಂಜರಾಯನೆಂಬ ಅರಸ ಅದನ್ನು ದುರಸ್ತಿ ಮಾಡಿಸಿದನೆಂದು ಪ್ರತೀತಿ. 2022ರಲ್ಲಿ ಅದು ತಮಿಳುನಾಡಿನ 17ನೆಯ ಪಕ್ಷಿಧಾಮವಾಯಿತು, 2024ರ ಆಗಸ್ಟಿನಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬಣ್ಣ ಹಾಕುವ ಕಾರ್ಖಾನೆಗಳ ನೀರು ನೊಯ್ಯಲನ್ನು ಎಷ್ಟು ಕೆಡಿಸಿತೆಂಬುದನ್ನೂ, 2011ರಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆ ಘಟಕಗಳನ್ನು ಮುಚ್ಚಿಸಿದಾಗ ಎಷ್ಟು ಮನೆಗಳಲ್ಲಿ ದುಡಿಮೆ ನಿಂತಿತೆಂಬುದನ್ನೂ ಕಂಡ ನಮಗೆ, ಅದೇ ತಿರುಪ್ಪೂರಿನ ಕೆರೆಗೆ ಇಂಥ ಹೆಸರು ಬಂದದ್ದು ಅಚ್ಚರಿಯೇ ಸರಿ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಮಂಗೋಲಿಯಾ, ಟಿಬೆಟ್ಟುಗಳ ಕಡೆ ಮರಿ ಮಾಡಿ, ಹಿಮಾಲಯವನ್ನೇ ಹಾರಿ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿ ಇದು.

ಜನವರಿಯಲ್ಲಿ ಸಂಕ್ರಾಂತಿಯ ನಾಲ್ಕು ದಿನ ತಮಿಳುನಾಡಿನಾದ್ಯಂತ ಪೊಂಗಲ್ ಹಕ್ಕಿ ಎಣಿಕೆ ನಡೆಯುತ್ತದೆ, 2015ರಿಂದ ನಡೆದುಬಂದಿದೆ. ಯಾರು ಬೇಕಾದರೂ ತಮ್ಮ ಊರಿನಲ್ಲೇ ಹದಿನೈದು ನಿಮಿಷ ನಿಂತು, ಕಂಡದ್ದನ್ನು ಎಣಿಸಿ ಬರೆದು ಕಳುಹಿಸಬಹುದು. ಹಬ್ಬಕ್ಕೆ ಊರಿಗೆ ಬರುವ ಹಳೆಯ ವಿದ್ಯಾರ್ಥಿಗಳು ಬೆಳಗ್ಗೆ ಆರೂವರೆಗೆ ಸಾಮಳಾಪುರದ ಏರಿಗೆ ಬಂದರೆ ನಾನು ಅಲ್ಲಿರುತ್ತೇನೆ, ಬಿಳಿಯ ಪಂಚೆಯಲ್ಲಿ ಅಲ್ಲ. ನನ್ನ ಮಗ್ಗದ ಶಿಷ್ಯನೂ ಇರುತ್ತಾನೆ. ದನಿಯನ್ನು ಮಕ್ಕಳು ಕೇಳಿ ದಿಕ್ಕನ್ನು ಕೈಯಿಂದ ತೋರಿಸುತ್ತಾರೆ, ಹಕ್ಕಿಯನ್ನು ಅವನು ಹುಡುಕುತ್ತಾನೆ, ಬರೆಯುವ ಕೆಲಸ ನನ್ನದು. ಈ ವ್ಯವಸ್ಥೆ ಚೆನ್ನಾಗಿ ಸಾಗಿದೆ.

ಶ್ರೀರಂಗಪಟ್ಟಣದಲ್ಲಿ ಮಾಡಿದ ಪಟ್ಟಿಯನ್ನು ಊರಿಗೆ ಬಂದ ಮೇಲೆ ದಪ್ಪ ರಟ್ಟಿನ ಪುಸ್ತಕದಲ್ಲಿ ನಕಲು ಮಾಡಿ ಶಾಲೆಯ ಗ್ರಂಥಾಲಯದಲ್ಲಿ ಇರಿಸಿದ್ದೇನೆ. ಅದರಲ್ಲಿ ಮೂರು ಅಂಕಣಗಳಿವೆ. ಪುಸ್ತಕದ ಕನ್ನಡ ಹೆಸರು, ತಮಿಳು ಹೆಸರು, ನಮ್ಮ ಮನೆಗಳಲ್ಲಿ ಆಡುವ ಹೆಸರು. ಮೂರನೆಯ ಅಂಕಣದ ಮೊದಲ ಸಾಲಿನಲ್ಲಿ ನೀರ್‌ಕಾಗೆ ಎಂದು ಅವನ ಕೈಯಿಂದಲೇ ಬರೆಸಿದೆ. ಅದರ ಕೆಳಗೆ ಖಾಲಿ ಸಾಲುಗಳೇ ಹೆಚ್ಚು. ನಿಮ್ಮ ಮನೆಯ ಹಿರಿಯರಿಂದ ಕೇಳಿ ತಿಳಿದವರು ಬಂದು ತುಂಬಬಹುದು. ಪೆನ್ಸಿಲನ್ನು ದಾರದಲ್ಲಿ ಕಟ್ಟಿ ಪುಸ್ತಕದ ಮಗ್ಗುಲಲ್ಲೇ ಇಟ್ಟಿದ್ದೇನೆ.